ಸೇರು ಮಂಡಕ್ಕಿ, ಗಂಟೆ ರೊಟ್ಟಿ

ತಿಂಗಳ ಕೊನೆಯ ವಾರ ದಾವಣಗೆರೆಯ ಮನೆಗಳಲ್ಲಿ ಏನು ಬೇಯುತ್ತದೆ ಅಂತ ಯಾರಾದರೂ ಕೇಳಿದರೆ, ಏನೂ ಬೇಯುವುದಿಲ್ಲ, ಮಂಡಕ್ಕಿ ನೆನೆಯುತ್ತದೆ ಅಂತ ಹೇಳಬೇಕು. ದೊಡ್ಡ ಪಾತ್ರೆಯ ನೀರಿಗೆ ಮಂಡಕ್ಕಿ ಸುರಿದು, ಒಂದು ಸಲ ಮುಳುಗಿಸಿ, ಎರಡು ಕೈಯಲ್ಲಿ ಹಿಂಡಿ ತೆಗೆದರೆ ಅರ್ಧ ಅಡುಗೆ ಮುಗಿಯಿತು. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಶಿನ. ಟೊಮೆಟೊ ಇದ್ದರೆ ಟೊಮೆಟೊ, ಇಲ್ಲದಿದ್ದರೆ ಒಂಚೂರು ಹುಣಸೆ ರಸ. ಹಿಂಡಿದ ಮಂಡಕ್ಕಿ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿ, ಎರಡು ಸಲ ಕೈಯಾಡಿಸಿದರೆ ಆಯಿತು. ಒಲೆ ಹತ್ತು ನಿಮಿಷಕ್ಕಿಂತ ಜಾಸ್ತಿ ಉರಿಯುವುದಿಲ್ಲ. ನಾವು ಇದನ್ನು ಒಗ್ಗರಣೆ ಮಂಡಕ್ಕಿ ಅನ್ನುತ್ತೇವೆ.

ನಮ್ಮೂರಲ್ಲಿ ಮಂಡಕ್ಕಿಗೆ ಅಂತಲೇ ಒಂದು ಬಡಾವಣೆ ಇದೆ, ಮಂಡಕ್ಕಿ ಭಟ್ಟಿ ಲೇಔಟ್. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದರೆ ಅದು ಅರಳಿ ಮಂಡಕ್ಕಿಯಾಗುತ್ತದೆ. ಇಡೀ ಸಂಸಾರಗಳು ಆ ಬಿಸಿಯಲ್ಲಿ, ಆ ಹೊಗೆಯಲ್ಲಿ ಕೆಲಸ ಮಾಡುತ್ತವೆ. ಅಲ್ಲಿಂದ ಚೀಲಗಟ್ಟಲೆ ಮಂಡಕ್ಕಿ ಊರೂರಿಗೆ ಹೋಗುತ್ತದೆ. ಸಂಜೆಯಾದರೆ ಗಾಡಿಗಳ ಮುಂದೆ ಖಾರದ ನರ್ಗಿಸ್ ಮಂಡಕ್ಕಿ, ಜತೆಗೆ ಬಿಸಿ ಮಿರ್ಚಿ. ಕೂಲಿ ಮುಗಿಸಿ ಬಂದವರೂ ಅಲ್ಲೇ, ಕಾರಲ್ಲಿ ಬಂದವರೂ ಅಲ್ಲೇ. ಬೇರೆ ಊರಲ್ಲಿ ಬಡವರ ತಿಂಡಿಯನ್ನು ಬಡವರೇ ತಿನ್ನುತ್ತಾರೇನೋ, ನಮ್ಮಲ್ಲಿ ಹಾಗಿಲ್ಲ.

ಮಂಡಕ್ಕಿ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಸೇರಿನ ಲೆಕ್ಕದಲ್ಲಿ ಅಗ್ಗವೇ. ತಕ್ಕಡಿಗೆ ಹಾಕಿದರೆ ಬೇರೆ ಕತೆ. ಅದು ಗಾಳಿ ತುಂಬಿದ ಅಕ್ಕಿ ಅಷ್ಟೇ. ಕೆಜಿ ಲೆಕ್ಕ ಹಿಡಿದರೆ ಅಕ್ಕಿಗಿಂತ ದುಬಾರಿ ಬೀಳುತ್ತದೆ. ಹೊಟ್ಟೆಯಲ್ಲೂ ಬಹಳ ಹೊತ್ತು ನಿಲ್ಲುವುದಿಲ್ಲ. ಅದಕ್ಕೇ ಪುಟಾಣಿ ಪುಡಿ, ಒಂದು ಹಿಡಿ ಶೇಂಗಾ ಜತೆಗೆ ಬೇಕು. ಹಾಗಿದ್ದರೂ ತಿಂಗಳ ಕೊನೆಗೆ ನಾನು ಅದಕ್ಕೇ ಕೈ ಹಾಕುವುದು ಯಾಕೆ ಅಂದರೆ, ಗ್ಯಾಸ್ ಉಳಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ಹೊತ್ತು ಉಳಿಯುತ್ತದೆ. ಗ್ಯಾಸಿನ ಖರ್ಚನ್ನು ನಾವು ಪುಸ್ತಕದಲ್ಲಿ ಬರೆಯುತ್ತೇವೆ. ಹೊತ್ತಿನ ಖರ್ಚನ್ನು ನಮ್ಮ ಮನೆಯ ಪುಸ್ತಕದಲ್ಲಿ ಇಷ್ಟು ವರ್ಷ ಯಾರೂ ಬರೆದಿರಲಿಲ್ಲ. ಇತ್ತೀಚೆಗೆ ನಾನು ಬರೆಯಲು ಶುರು ಮಾಡಿದ್ದೇನೆ. ಈ ಬರಹ ಅದರ ಬಗ್ಗೆ.

ನಮ್ಮದು ಐದು ಜನರ ಮನೆ. ಅತ್ತೆ, ನಮ್ಮ ಮನೆಯವರು, ನಾನು, ಪಿಯುಸಿ ಓದುವ ಮಗಳು, ಸರ್ಕಾರಿ ಹೈಸ್ಕೂಲಿಗೆ ಹೋಗುವ ಮಗ. ಮನೆಯವರು ಮಂಡಿಪೇಟೆಯ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮನೆ ಸ್ವಂತದ್ದು, ಹಳೆಯದು, ಮಳೆಗಾಲದಲ್ಲಿ ಒಂದು ಮೂಲೆ ಸೋರುತ್ತದೆ. ಮಗನ ಮಧ್ಯಾಹ್ನದ ಊಟ ಶಾಲೆಯಲ್ಲೇ ಆಗುತ್ತದೆ, ಬಿಸಿಯೂಟ. ಮನೆಗೆ 200 ಯೂನಿಟ್ ಒಳಗಿನ ಕರೆಂಟಿಗೆ ಬಿಲ್ ಇಲ್ಲ, ನನ್ನ ಹೊಲಿಗೆ ಮಷೀನ್ ಕಾಲಿನಿಂದ ತುಳಿಯುವಂಥದ್ದು. ಗೃಹಲಕ್ಷ್ಮಿಯ ₹2,000 ಅತ್ತೆಯ ಖಾತೆಗೆ ಬರುತ್ತದೆ, ಯಾಕೆಂದರೆ ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರೇ. ಕಾರ್ಡಿನಲ್ಲಿ ಮಾತ್ರ ಅಲ್ಲ.

ಮನೆಯ ಲೆಕ್ಕದ ಪುಸ್ತಕವೂ ಅವರದ್ದೇ. ಮಾವ ಇಲ್ಲಿನ ಒಂದು ಕಾಟನ್ ಮಿಲ್‌ನಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. ಪಾಳಿ ಬದಲಾಗುವ ಹೊತ್ತಿಗೆ ಕೂಗುವ ಸೈರನ್ ಕೇಳಿಯೇ ಅತ್ತೆ ಎಸರು ಇಡುತ್ತಿದ್ದರಂತೆ. ಆಮೇಲೆ ಒಂದೊಂದೇ ಮಿಲ್ ಮುಚ್ಚಿದವು, ಮಾವನದ್ದೂ ಮುಚ್ಚಿತು. ಪಗಾರ ನಿಂತ ತಿಂಗಳು ಅತ್ತೆ ಒಂದು ನೋಟ್‌ಬುಕ್ ತಂದು ಬರೆಯಲು ಶುರು ಮಾಡಿದರು. ಆ ಹಳೆಯ ಪುಸ್ತಕಗಳು ಈಗಲೂ ಅಟ್ಟದ ಮೇಲಿವೆ. ಉಪ್ಪು, ಬೆಂಕಿಪೊಟ್ಟಣ, ಅರ್ಧ ಲೀಟರ್ ಸೀಮೆಎಣ್ಣೆ, ಪಾವು ಕೆಜಿ ಬೇಳೆ, ಎಲ್ಲಾ ಇದೆ. ಅವರು ಜೋಳ ಕೇರಿ, ಕಲ್ಲು ಆರಿಸಿ, ಗಿರಣಿಗೆ ಹೊತ್ತು, ಹಿಟ್ಟು ಜರಡಿ ಹಿಡಿದು, ರೊಟ್ಟಿ ಬಡಿದ ಲೆಕ್ಕ ಮಾತ್ರ ಎಲ್ಲೂ ಇಲ್ಲ. ನಾಲ್ಕು ಗಂಟೆಗೆ ಎದ್ದದ್ದು ಇಲ್ಲ. ಆ ಮನೆ ಉಳಿದದ್ದು ಬರೆದ ಲೆಕ್ಕದಿಂದಲೋ ಬರೆಯದ ಲೆಕ್ಕದಿಂದಲೋ ಅಂತ ಕೇಳಿದರೆ ನನ್ನ ಉತ್ತರ ಎರಡನೆಯದು.

ರೊಟ್ಟಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇಲ್ಲ. ಕುದಿಯುವ ಎಸರು ಹೊಯ್ದು, ಕೈ ಸುಡುವಾಗಲೇ ನಾದಿದರೆ ಮಾತ್ರ ಅದು ಕೈಗೆ ಬರುತ್ತದೆ. ಹಿಟ್ಟು ಹಳೆಯದಾದರೆ ಅಂಚು ಬಿರಿಯುತ್ತದೆ, ಹಾಗಾಗಿ ತಿಂಗಳಿಗಾಗುವಷ್ಟು ಒಟ್ಟಿಗೆ ಬೀಸಿಸಿ ಇಡುವ ಹಾಗಿಲ್ಲ. ವಾರಕ್ಕೊಮ್ಮೆ ಗಿರಣಿಗೆ ಹೋಗಲೇಬೇಕು. ಒಂದು ಕೆಜಿ ಹಿಟ್ಟಿಗೆ ನನ್ನ ಕೈಯಲ್ಲಿ ಹದಿಮೂರು ಹದಿನಾಲ್ಕು ರೊಟ್ಟಿ ಆಗುತ್ತದೆ. 20 ರೊಟ್ಟಿಗೆ ಜೋಳ, ಬೀಸುವ ಕೂಲಿ, ಗ್ಯಾಸ್ ಎಲ್ಲಾ ಸೇರಿ ₹100ರ ಹತ್ತಿರ ಖರ್ಚು, ಒಲೆಯ ಮುಂದೆ ಒಂದು ಗಂಟೆ. ನಮ್ಮ ಬೀದಿಯಲ್ಲೇ ಒಬ್ಬರು ಮನೆಯಲ್ಲಿ ರೊಟ್ಟಿ ಬಡಿದು ಮಾರುತ್ತಾರೆ, ಒಂದಕ್ಕೆ ₹8. 20 ರೊಟ್ಟಿಗೆ ₹160. ಅಂದರೆ ನಾನು ಒಂದು ಗಂಟೆ ಬೆವರು ಸುರಿಸಿ ಉಳಿಸುವುದು ₹60.

ಅದೇ ಗಂಟೆಯಲ್ಲಿ ಮಷೀನ್ ಮುಂದೆ ಕೂತರೆ? ಸಾದಾ ಬ್ಲೌಸಿಗೆ ₹150 ತೆಗೆದುಕೊಳ್ಳುತ್ತೇನೆ. ಕತ್ತರಿಸಿ, ಹೊಲಿದು, ಹುಕ್ ಹಾಕಿ ಮುಗಿಸಲು ಒಂದೂವರೆ ಗಂಟೆ ಹಿಡಿಯುತ್ತದೆ. ದಾರ, ಹುಕ್ಕಿನ ಖರ್ಚು ಕಳೆದರೂ ಗಂಟೆಗೆ ₹90 ಮೇಲೆ ಬೀಳುತ್ತದೆ. ಹಾಗಾದರೆ ರೊಟ್ಟಿ ಕೊಳ್ಳುವುದೇ ಲಾಭ ಅಲ್ವಾ? ಯಾವಾಗಲೂ ಅಲ್ಲ. ಮದುವೆ ಸೀಸನ್‌ನಲ್ಲಿ, ದೀಪಾವಳಿಗೆ ಮುಂಚೆ, ಬಟ್ಟೆಯ ಗಂಟುಗಳು ಮಂಚದ ಮೇಲೆ ರಾಶಿ ಬಿದ್ದಿರುವಾಗ ರೊಟ್ಟಿ ಕೊಳ್ಳುತ್ತೇನೆ, ಮನಸ್ಸಿಗೆ ಏನೂ ಅನ್ನಿಸುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಗಿರಾಕಿ ಇಲ್ಲ. ಆಗ ನನ್ನ ಗಂಟೆಗೆ ಯಾರೂ ₹90 ಕೊಡುವುದಿಲ್ಲ. ಆ ತಿಂಗಳು ರೊಟ್ಟಿ ನಾನೇ ಬಡಿಯುತ್ತೇನೆ. ಇಷ್ಟು ಸರಳ ಲೆಕ್ಕ ಅತ್ತೆಗೆ ಒಪ್ಪಿಸಲು ಬಹಳ ಕಷ್ಟವಾಯಿತು. "ಮನೀಲಿ ಹೆಣ್ಮಕ್ಳಿದ್ದು ರೊಟ್ಟಿ ಕೊಂಡ್ಕೊಂಡು ತಿಂತಾರೇನವ್ವಾ?" ಅಂತ ಕೇಳಿದ್ದರು. ನಾನು ಪುಸ್ತಕ ತೋರಿಸಿದೆ. ಅವರು ಅಂಕಿ ನೋಡಿದರೆ ಸುಮ್ಮನಾಗುವವರು. ಆದರೂ ಕೊಂಡ ರೊಟ್ಟಿಯನ್ನು ಮೊದಲ ತುತ್ತಿಗೇ "ಉಪ್ಪಿಲ್ಲ" ಅನ್ನುತ್ತಾರೆ. ಜೋಳದ ರೊಟ್ಟಿಗೆ ನಮ್ಮ ಮನೆಯಲ್ಲೂ ಉಪ್ಪು ಹಾಕುವುದಿಲ್ಲ.

ಈ ಲೆಕ್ಕದಲ್ಲಿ ನನಗೆ ಕಿರಿಕಿರಿ ಮಾಡುವ ಒಂದು ವಿಷಯ ಇದೆ. ನನ್ನ ಗಂಟೆಗೆ ₹90 ಅಂತ ನಾನು ಹೇಳುವಾಗ ಆ ರೊಟ್ಟಿ ಅಕ್ಕನ ಗಂಟೆಗೆ ₹60 ಅಂತಲೂ ಹೇಳಿದ ಹಾಗೆ ಆಯಿತು. ಅವರ ಗಂಟೆ ನನ್ನದಕ್ಕಿಂತ ಅಗ್ಗ ಇರುವವರೆಗೆ ಮಾತ್ರ ನನ್ನ ಉಳಿತಾಯ. ಅವರು ಬೆಲೆ ₹10 ಮಾಡುತ್ತೇನೆ ಅಂದಾಗ ಬೀದಿಯವರೆಲ್ಲ ಗೊಣಗಿದರು. ನಾನು ಗೊಣಗಲಿಲ್ಲ ಅಂತ ದೊಡ್ಡಸ್ತಿಕೆ ಹೇಳುತ್ತಿಲ್ಲ. ನಾನು ಬ್ಲೌಸಿನ ರೇಟು ಏರಿಸಿದಾಗ ಅವರೂ ಗೊಣಗದೆ ಕೊಟ್ಟಿದ್ದರು, ಅಷ್ಟೇ. ಕೊನೆಗೆ ಬೀದಿಯವರ ಬಾಯಿಗೆ ಹೆದರಿ ಅವರು ₹8ರಲ್ಲೇ ಉಳಿದಿದ್ದಾರೆ. ಎಷ್ಟು ದಿನವೋ.

ಜೋಳ ದುಬಾರಿಯಾದದ್ದೇ ಒಂದು ವಿಚಿತ್ರ. ಅತ್ತೆಯ ಕಾಲದಲ್ಲಿ ಜೋಳ, ನವಣೆ, ರಾಗಿ ಬಡವರ ಊಟ, ಅನ್ನ ಹಬ್ಬಕ್ಕೆ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂತು. 2023ರಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿಗೆ ಬದಲಾಗಿ ಒಬ್ಬೊಬ್ಬರಿಗೆ ₹170ರಂತೆ ಖಾತೆಗೆ ಹಾಕಿದ್ದೂ ನೆನಪಿದೆ. ಈಗ ಅಕ್ಕಿಗೆ ದುಡ್ಡು ಕೊಡುವ ಹಾಗಿಲ್ಲ, ಜೋಳಕ್ಕೆ ಕೊಡಬೇಕು. ಲೆಕ್ಕ ತಲೆಕೆಳಗಾಯಿತು. ಹೊಲಗಳೂ ಹಾಗೇ. ಮಳೆಗಾಲದಲ್ಲಿ ಜಗಳೂರಿನ ಕಡೆ ಬಸ್ಸಿನಲ್ಲಿ ಹೋದರೆ ರಸ್ತೆಯ ಎರಡೂ ಬದಿ ಮೆಕ್ಕೆಜೋಳ ಕಾಣುತ್ತದೆ. ಭದ್ರಾ ನಾಲೆ ನೀರು ಬರುವ ಕಡೆ ಭತ್ತ, ಚನ್ನಗಿರಿ ಕಡೆ ಅಡಿಕೆ. ಅಷ್ಟೊಂದು ಮೆಕ್ಕೆಜೋಳ ಬೆಳೆಯುವ ಜಿಲ್ಲೆಯಲ್ಲಿ ನಮ್ಮ ಅಡುಗೆಮನೆಗೆ ಅದು ಬರುವುದೇ ಅಪರೂಪ. ಮಳೆಯಲ್ಲಿ ಸುಟ್ಟು ತಿನ್ನುವ ತೆನೆ ಬಿಟ್ಟರೆ ಉಳಿದದ್ದು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ. ಬಡವರ ಧಾನ್ಯ ಅಂತ ಇದ್ದ ನವಣೆ, ಸಾಮೆ, ಕೊರಲೆ ಈಗ ಚಂದದ ಪ್ಯಾಕೆಟ್‌ನಲ್ಲಿ ಕೂತಿವೆ. ಸಿರಿಧಾನ್ಯ ತಿಂದರೆ ಖರ್ಚು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆರೋಗ್ಯಕ್ಕೆ ತಿನ್ನಿ, ಉಳಿತಾಯಕ್ಕೆ ಬೇಡ. ನಮ್ಮಲ್ಲಿ ರಾತ್ರಿ ರೊಟ್ಟಿ, ಮಧ್ಯಾಹ್ನ ಅನ್ನ ಅಂತ ರಾಜಿಯಾಗಿದ್ದೇವೆ.

ಉಳಿತಾಯ ನಿಜವಾಗಿ ಇರುವುದು ಕಾಳಿನಲ್ಲಿ. ಅದರಲ್ಲೂ ಹುರುಳಿಯಲ್ಲಿ. ತೊಗರಿಬೇಳೆ 2015ರ ಕೊನೆಗೆ ಕೆಜಿಗೆ ₹200ರ ಹತ್ತಿರ ಹೋಗಿತ್ತು, ನೆನಪಿದೆಯಾ? ಆಗ ಬಹಳ ಮನೆಗಳಲ್ಲಿ ಸಾರು ನೀರಾಯಿತು. ಅತ್ತೆ ಮಾತ್ರ ನಿಶ್ಚಿಂತೆಯಿಂದ ಹುರುಳಿಗೆ ಹೋದರು. 100 ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ ಆಸುಪಾಸು ಪ್ರೋಟೀನ್ ಇದ್ದರೆ ಹುರುಳಿಯಲ್ಲೂ ಅಷ್ಟೇ ಇದೆ. ಬೆಲೆ ಎಷ್ಟೋ ಕಡಿಮೆ. ಚಿತ್ರದುರ್ಗದ ಕಡೆಯ ಒಣ ಹೊಲದಲ್ಲಿ, ಬೇರೇನೂ ಬರದ ಜಾಗದಲ್ಲೂ ಅದು ಬೆಳೆಯುತ್ತದೆ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಾಳುಗಳಲ್ಲಿ ಧಾರಾಳವಾಗಿದೆ. ರೊಟ್ಟಿ, ಕಾಳುಪಲ್ಯ ಜತೆಗೆ ತಿನ್ನುವುದು ಬರೀ ರುಚಿಗೆ ಅಂತ ನಾನು ತಿಳಿದುಕೊಂಡಿದ್ದೆ. ಮಗಳ ಪಠ್ಯಪುಸ್ತಕ ಬಂದ ಮೇಲೆ ಇದೆಲ್ಲ ಗೊತ್ತಾಯಿತು.

ಹುರುಳಿಯ ಇನ್ನೊಂದು ಗುಣ, ಒಂದೇ ಸಲ ಬೇಯಿಸಿದರೆ ಎರಡು ಅಡುಗೆ. ರಾತ್ರಿ ನೆನೆಸಿಟ್ಟ ಹುರುಳಿಯನ್ನು ಜಾಸ್ತಿ ನೀರಿನಲ್ಲಿ ಬೇಯಿಸಿ ಕಟ್ಟು ಬಸಿದುಕೊಳ್ಳಿ. ಬೆಂದ ಕಾಳಲ್ಲಿ ಒಂದು ಹಿಡಿ ತೆಗೆದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ, ಒಂಚೂರು ಕೊಬ್ಬರಿ, ಹುಣಸೆಹಣ್ಣು ಹಾಕಿ ರುಬ್ಬಿ. ಅದನ್ನು ಕಟ್ಟಿಗೆ ಸೇರಿಸಿ ಕುದಿಸಿ, ಮೇಲೆ ಇಂಗಿನ ಒಗ್ಗರಣೆ. ಸಾರು ಆಯಿತು. ಉಳಿದ ಕಾಳಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆಗೆ ಸಾರು, ರೊಟ್ಟಿಗೆ ಪಲ್ಯ. ಮರುದಿನ ಸಾರು ಇನ್ನೂ ರುಚಿ. ಬೇಸಿಗೆಯಲ್ಲಿ ಹುರುಳಿ ಉಷ್ಣ ಅಂತ ಅತ್ತೆ ಕಡಿಮೆ ಮಾಡುತ್ತಾರೆ, ಆಗ ಹೆಸರುಕಾಳು, ಅಲಸಂದೆ.

ಗ್ಯಾಸಿನ ಬಗ್ಗೆ ಬಹಳ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಒಂದು ಸಿಲಿಂಡರ್‌ನಲ್ಲಿ 14.2 ಕೆಜಿ ಅನಿಲ ಇರುತ್ತದೆ. ಬೆಲೆಯನ್ನು ಅದರಿಂದ ಭಾಗಿಸಿ ನೋಡಿ, ಕೆಜಿ ಗ್ಯಾಸು ಕೆಜಿ ಜೋಳಕ್ಕಿಂತ ದುಬಾರಿ ಅಂತ ತಿಳಿಯುತ್ತದೆ. ಕಾಳು ನೆನೆಸುವುದಕ್ಕೆ ಕಾಸು ಬೇಡ, ಒಲೆಯ ಹೊತ್ತು ಅರ್ಧ ಇಳಿಯುತ್ತದೆ. ಕುಕ್ಕರ್ ಒಳಗೆ ನೀರು 120 ಡಿಗ್ರಿಯ ಹತ್ತಿರ ಹೋಗುವುದರಿಂದ ಬೇಗ ಬೇಯುತ್ತದೆ. ಕೂಗು ಬಂದ ಮೇಲೂ ದೊಡ್ಡ ಉರಿ ಇಟ್ಟರೆ ಆವಿ ಸುಮ್ನೆ ಹೊರಗೆ ಹೋಗುತ್ತದೆ, ಒಳಗಿನ ಬಿಸಿ ಏರುವುದಿಲ್ಲ. ಮೊದಲ ಕೂಗಿಗೇ ಸಣ್ಣಗೆ ಮಾಡಿ. ನಮ್ಮ ಬೀದಿಯಲ್ಲಿ ಕೂಗು ಎಣಿಸುವುದು ಒಂದು ಸಂಪ್ರದಾಯ, ಏಳು ಕೂಗು ಕೂಗಿಸುವವರೂ ಇದ್ದಾರೆ.

ಒಂದು ವಿಷಯದಲ್ಲಿ ನಾನು ಅತ್ತೆಯ ಜತೆ ಜಗಳವನ್ನೇ ಆಡಿದ್ದೇನೆ, ಅದು ತಂಗಳು ಅನ್ನ. ಅನ್ನ ಚೆಲ್ಲಬಾರದು ಅನ್ನುವುದು ಸರಿ. ಆದರೆ ಏಪ್ರಿಲ್ ಮೇ ತಿಂಗಳ ದಾವಣಗೆರೆಯ ಸೆಕೆಯಲ್ಲಿ ಮಧ್ಯಾಹ್ನದ ಅನ್ನವನ್ನು ಹೊರಗೇ ಬಿಟ್ಟು ಮರುದಿನ ಚಿತ್ರಾನ್ನ ಮಾಡುವುದು ನನಗೆ ಭಯ. ಹೊರಗೆ ಬಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಒಂದು ಬಟ್ಟಲು ಅನ್ನ ಉಳಿಸಿ ಡಾಕ್ಟರ್ ಫೀಸ್ ಕೊಡುವ ಹಾಗಾಗಬಾರದು. ಈಗ ಊಟವಾದ ತಕ್ಷಣ ಉಳಿದ ಅನ್ನ ಅಗಲ ತಟ್ಟೆಯಲ್ಲಿ ಆರಿ ಫ್ರಿಜ್ಜಿಗೆ ಹೋಗುತ್ತದೆ. ರೊಟ್ಟಿಗೆ ಆ ತೊಂದರೆ ಇಲ್ಲ. ತೆಳ್ಳಗೆ ಬಡಿದು ಒಲೆಯ ಮೇಲೆ ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ. ಮೆತ್ತನೆ ರೊಟ್ಟಿ ಉಳಿದರೆ ಮುರಿದು, ನೀರು ಚಿಮುಕಿಸಿ, ಈರುಳ್ಳಿ ಒಗ್ಗರಣೆಗೆ ಹಾಕಿದರೆ ಬೆಳಗಿನ ತಿಂಡಿ. ಮಕ್ಕಳಿಗೆ ಉಪ್ಪಿಟ್ಟಿಗಿಂತ ಅದೇ ಇಷ್ಟ.

ಚಟ್ನಿಪುಡಿಯ ಮಾತು ಬೇರೆ. ಅದಕ್ಕೆ ಹೊತ್ತು ಹಿಡಿಯುತ್ತದೆ, ಆದರೆ ಒಂದು ಸಲ ಕೂತರೆ ತಿಂಗಳು ನಡೆಯುತ್ತದೆ. ಶೇಂಗಾ ಹುರಿದು ಸಿಪ್ಪೆ ಹಾರಿಸಿ, ಬೆಳ್ಳುಳ್ಳಿ, ಜೀರಿಗೆ, ಕೆಂಪುಖಾರ, ಉಪ್ಪು ಹಾಕಿ ಕುಟ್ಟಬೇಕು. ಮಿಕ್ಸಿಯಲ್ಲಿ ಜಾಸ್ತಿ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹಾಗೇ ಗುರೆಳ್ಳು ಪುಡಿ, ಅಗಸೆ ಪುಡಿ. ಈ ಮೂರು ಡಬ್ಬಿ ತುಂಬಿದ್ದರೆ ತರಕಾರಿ ಬೆಲೆ ಏರಿದ ವಾರ ಭಯವಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ₹100 ದಾಟಿದಾಗ ನಾವು ಟೊಮೆಟೊ ಇಲ್ಲ ಅಂತ ಅತ್ತದ್ದಿಲ್ಲ. ಮಧ್ಯಾಹ್ನಕ್ಕೆ ಹುಣಸೆಹಣ್ಣಿನ ಸಾರು, ರಾತ್ರಿಗೆ ರೊಟ್ಟಿ, ಶೇಂಗಾಪುಡಿ, ಮೊಸರು. ಹಿತ್ತಲ ಆಚೆಯ ಮನೆಯವರ ನುಗ್ಗೆಮರದ ಸೊಪ್ಪು ಯಾವಾಗಲೂ ಇದ್ದೇ ಇದೆ. ನಾನು ಅವರ ಮಗಳ ಸೀರೆಗೆ ಫಾಲ್ಸ್ ಹಚ್ಚಿ ಕೊಡುತ್ತೇನೆ, ದುಡ್ಡಿನ ಮಾತಿಲ್ಲ.

ಒಟ್ಟಿಗೆ ಕೊಳ್ಳುವುದರಲ್ಲಿ ಉಳಿತಾಯ ಅಂತ ಹೇಳುವುದು ಸುಲಭ. ಒಟ್ಟಿಗೆ ಕೊಳ್ಳಲು ಒಟ್ಟಿಗೆ ದುಡ್ಡು ಬೇಕಲ್ಲ. ಹುಣಸೆಹಣ್ಣು ಫೆಬ್ರುವರಿ, ಮಾರ್ಚ್‌ನಲ್ಲಿ ಹೊಸದು ಬರುತ್ತದೆ, ಬ್ಯಾಡಗಿ ಮೆಣಸಿನಕಾಯಿಯೂ ಹೆಚ್ಚು ಕಡಿಮೆ ಆಗಲೇ. ಆ ತಿಂಗಳಲ್ಲಿ ವರ್ಷಕ್ಕಾಗುವಷ್ಟು ಕೊಳ್ಳಲು ಅತ್ತೆ ಬೀದಿಯ ಹೆಂಗಸರ ಜತೆ ಚೀಟಿ ಹಾಕುತ್ತಾರೆ. ಯುಗಾದಿಗೆ ಮುಂಚೆ ಚೀಟಿ ಎತ್ತುವ ಹಾಗೆ ಅವರು ಮೊದಲೇ ಮಾತಾಡಿಟ್ಟಿರುತ್ತಾರೆ, ಆ ರಾಜಕೀಯ ನನಗೆ ತಿಳಿಯುವುದಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸಿ, ಬಿಸಿಲಿಗೆ ಒಣಗಿಸಿ, ಪುಡಿ ಮಾಡಿಸಿದರೆ ವರ್ಷ ನಿಶ್ಚಿಂತೆ. ಈರುಳ್ಳಿಯನ್ನು ಮಾತ್ರ ಹಾಗೆ ತುಂಬಿಡಬೇಡಿ. ಚಳ್ಳಕೆರೆ, ಹಿರಿಯೂರು ಕಡೆಯಿಂದ ಬರುವ ಮುಂಗಾರು ಈರುಳ್ಳಿಯಲ್ಲಿ ನೀರಿನ ಅಂಶ ಜಾಸ್ತಿ. ಅಗ್ಗ ಅಂತ ಚೀಲ ತಂದರೆ ಮೂರು ವಾರಕ್ಕೆ ಮನೆಯೆಲ್ಲ ಕೊಳೆತ ವಾಸನೆ. ಅದೇ ಈರುಳ್ಳಿ 2019ರ ಡಿಸೆಂಬರ್‌ನಲ್ಲಿ ಕೆಜಿಗೆ ₹100 ದಾಟಿತ್ತು, ಮಿರ್ಚಿ ಗಾಡಿಯವರೂ ಈರುಳ್ಳಿ ಬದಲು ಎಲೆಕೋಸು ಕೊಟ್ಟರು.

ಎಣ್ಣೆಯ ವಿಷಯಕ್ಕೆ ನಮ್ಮ ಪುಸ್ತಕದಲ್ಲಿ ದೂರದ ದೇಶಗಳೂ ಬರುತ್ತವೆ. 2022ರ ಫೆಬ್ರುವರಿಯಲ್ಲಿ ಉಕ್ರೇನ್‌ನಲ್ಲಿ ಯುದ್ಧ ಶುರುವಾಯಿತು, ಸೂರ್ಯಕಾಂತಿ ಎಣ್ಣೆ ಏರಿತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಪಾಮ್ ಎಣ್ಣೆ ರಫ್ತು ನಿಲ್ಲಿಸಿತು, ಅದೂ ಏರಿತು. ಎಣ್ಣೆ ಗಿರಣಿಗೆ ಹೆಸರಾದ ಚಳ್ಳಕೆರೆ ಇಲ್ಲೇ ಪಕ್ಕದ ಜಿಲ್ಲೆಯಲ್ಲಿದ್ದೂ ನಾವು ಉಕ್ರೇನ್ ಕಡೆ ನೋಡಬೇಕಾಯಿತು. ಆ ವರ್ಷ ಕರಿಯುವುದನ್ನು ಬಿಟ್ಟೆವು. ಬಿಟ್ಟದ್ದು ಮತ್ತೆ ಪೂರ್ತಿ ವಾಪಸ್ ಬರಲಿಲ್ಲ. ಈಗ ಹಪ್ಪಳ ಸುಡುತ್ತೇವೆ.

ಹೊತ್ತನ್ನು ಲೆಕ್ಕಕ್ಕೆ ಹಿಡಿದ ಮೇಲೆ ಕೆಲವು ಉಳಿತಾಯಗಳನ್ನು ಕೈಬಿಟ್ಟೆ. ಸಂಡಿಗೆ ಅದರಲ್ಲಿ ಒಂದು. ಎರಡು ದಿನ ಮಾಳಿಗೆ ಮೇಲೆ ಕಾಗೆ ಕಾಯುತ್ತ, ಬಿಸಿಲಲ್ಲಿ ತಲೆ ಸುಡಿಸಿಕೊಂಡು ಉಳಿಸುವ ದುಡ್ಡು ಒಂದು ಬ್ಲೌಸಿನ ಕೂಲಿಯೂ ಅಲ್ಲ. ಅತ್ತೆಗೆ ಅದು ಕೆಲಸ ಅಲ್ಲ, ಅಕ್ಕಪಕ್ಕದವರ ಜತೆ ಮಾತಾಡುವ ಹೊತ್ತು. ಹಾಗಾಗಿ ಅವರು ಮಾಡುತ್ತಾರೆ, ನಾನು ಮಾಡುವುದಿಲ್ಲ. ಇನ್ನೊಂದು, ಅಗ್ಗದ ತರಕಾರಿಗೆ ಅಂತ ದೂರದ ಸಂತೆಗೆ ಹೋಗುವುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬೀದಿಯ ಹೆಂಗಸರು ಗುಂಪಾಗಿ ಹರಿಹರದ ಕಡೆಗೆಲ್ಲ ಹೊರಟರು. ಟಿಕೆಟ್ ಇಲ್ಲ, ಸರಿ. ಆದರೆ ಬಸ್ಸಿಗೆ ಕಾದು, ಹೋಗಿ, ಚೀಲ ಹೊತ್ತು ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ನಾನು ಆ ಬಸ್ಸನ್ನು ಬೇರೆ ಕೆಲಸಕ್ಕೆ ಬಳಸುತ್ತೇನೆ: ತವರಿಗೆ. ಮೊದಲು ವರ್ಷಕ್ಕೊಮ್ಮೆ ಹೋಗುತ್ತಿದ್ದವಳು ಈಗ ಬೇಕೆನಿಸಿದಾಗ ಹೋಗಿ ಅಮ್ಮನ ಕೈಯ ನವಣೆ ಅನ್ನ ಉಂಡು, ಸೊಪ್ಪು, ಅವರೆಕಾಯಿ ಕಟ್ಟಿಸಿಕೊಂಡು ಬರುತ್ತೇನೆ. ತರಕಾರಿಯನ್ನು ಬೀದಿಗೆ ಬರುವ ಅಜ್ಜಿಯ ಹತ್ತಿರವೇ ಕೊಳ್ಳುವುದು. ಮಾರ್ಕೆಟ್‌ಗಿಂತ ಒಂದೆರಡು ರೂಪಾಯಿ ಜಾಸ್ತಿ. "ತಗಳವ್ವ, ಇದೊಂದ್ ಕಟ್ಟು ಹಂಗೇ ಹಾಕ್ತೀನಿ" ಅಂತ ಮೇಲೆ ಕೊತ್ತಂಬರಿ ಇಡುತ್ತಾರೆ.

ಪುಸ್ತಕದಲ್ಲಿ ಗಂಟೆ ಬರೆಯಲು ಶುರು ಮಾಡಿದಾಗ ಮನೆಯವರು ನಕ್ಕರು. ಅವರು ದಿನವಿಡೀ ಬೇರೆಯವರ ಲೆಕ್ಕ ಬರೆಯುವವರು, ಇಂಥ ಕಾಲಂ ಯಾವ ಖಾತೆಯಲ್ಲೂ ನೋಡಿಲ್ಲ ಅಂದರು. ಒಂದು ತಿಂಗಳು ತುಂಬಿದ ಮೇಲೆ ಅವರೇ ಕೂಡಿ ನೋಡಿದರು. ಕೂಡಿದ್ದನ್ನು ಜೋರಾಗಿ ಓದಲಿಲ್ಲ. ಅವತ್ತಿಂದ ರಾತ್ರಿ ಕಾಳು ಆರಿಸಿ ನೆನೆಸುವುದು ಅವರ ಪಾಲಿಗೆ ಬಂತು, ಗಿರಣಿ ಮಗನ ಪಾಲಿಗೆ. ಮಗ ಸೈಕಲ್ ಹಿಂದೆ ಜೋಳದ ಡಬ್ಬಿ ಕಟ್ಟಿಕೊಂಡು ಹೋಗುವಾಗ ಮೊದಮೊದಲು ನಾಚಿಕೊಳ್ಳುತ್ತಿದ್ದ. ಮಗಳಿಗೆ ಹೆಚ್ಚಿಗೆ ಏನೂ ಕೊಡಲಿಲ್ಲ, ಅವಳ ಹೆಸರಿನ ಮುಂದೆ ಆಗಲೇ ಸಾಕಷ್ಟು ಗಂಟೆಗಳಿದ್ದವು. ಅತ್ತೆಗೆ ಈ ಏರ್ಪಾಡು ಇಷ್ಟವಿಲ್ಲ. ತಮ್ಮ ಮಗ ಕಾಳು ಆರಿಸುವುದು ಅವರ ಕಣ್ಣಿಗೆ ಒಗ್ಗುವುದಿಲ್ಲ, ಅದಕ್ಕೇ ಮನೆಯವರು ಆರಿಸಿದ ತಟ್ಟೆಯಲ್ಲಿ ಒಂದು ಕಲ್ಲಾದರೂ ಹುಡುಕಿ ತೋರಿಸುತ್ತಾರೆ.

ಇನ್ನು ಬೆಣ್ಣೆ ದೋಸೆ. ದಾವಣಗೆರೆಯಲ್ಲಿದ್ದು ಖರ್ಚಿನ ಬಗ್ಗೆ ಬರೆದು ಅದನ್ನು ಬಿಟ್ಟರೆ ಯಾರೂ ಕ್ಷಮಿಸುವುದಿಲ್ಲ. ಮನೆಯಲ್ಲೂ ಮಾಡುತ್ತೇನೆ. ನಾಲ್ಕು ಪಾಲು ದೋಸೆ ಅಕ್ಕಿಗೆ ಒಂದು ಪಾಲು ಉದ್ದು, ಒಂದು ಚಮಚ ಮೆಂತ್ಯ. ರುಬ್ಬುವಾಗ ಎರಡು ಹಿಡಿ ನೆನೆಸಿದ ಮಂಡಕ್ಕಿ. ಮಂಡಕ್ಕಿಯಿಂದಲೇ ಆ ದೋಸೆಗೆ ಒಳಗೆ ಮೆತ್ತಗೆ, ಹೊರಗೆ ಗರಿಗರಿ ಬರುವುದು. ಹಿಟ್ಟು ರಾತ್ರಿ ಉಬ್ಬಬೇಕು. ಕಾದ ಹೆಂಚಿನ ಮೇಲೆ ಸ್ವಲ್ಪ ದಪ್ಪಗೆ ಹುಯ್ದು, ಬೆಣ್ಣೆ. ಎಷ್ಟು ಬೆಣ್ಣೆ ಅನ್ನುವುದರಲ್ಲೇ ಎಲ್ಲಾ ಇದೆ. ಮನೆಯಲ್ಲಿ ನಾನು ಹಾಕುವಷ್ಟು ಬೆಣ್ಣೆಗೆ ಅದನ್ನು ದೋಸೆ ಅನ್ನಬಹುದು, ಬೆಣ್ಣೆ ದೋಸೆ ಅನ್ನಲು ಮಗ ಒಪ್ಪುವುದಿಲ್ಲ. ಹೋಟೆಲಿನವರಷ್ಟು ಹಾಕಿದರೆ ಐದು ಜನಕ್ಕೆ ಬೆಣ್ಣೆಯೇ ಕಾಲು ಕೆಜಿ ಬೇಕು. ಜತೆಗೆ ಆಲೂಗಡ್ಡೆ ಪಲ್ಯ, ಚಟ್ನಿ, ರುಬ್ಬಿ ತೊಳೆಯುವ ಹೊತ್ತು. ಎಲ್ಲಾ ಕೂಡಿ ಲೆಕ್ಕ ಹಾಕಿದೆ, ಗಂಟೆಗಳನ್ನೂ ಸೇರಿಸಿ. ಮನೆಯದ್ದಕ್ಕೂ ಹೋಟೆಲಿನದ್ದಕ್ಕೂ ಅಂಥ ದೊಡ್ಡ ಅಂತರವೇನೂ ಇರಲಿಲ್ಲ. ಅಲ್ಲಿಗೆ ಅತ್ತೆಯೂ ಒಪ್ಪಿದರು, ಬಹುಶಃ ಅವರಿಗೂ ಅದೇ ಬೇಕಿತ್ತು. ಈಗ ತಿಂಗಳಿಗೊಮ್ಮೆ, ಸಂಬಳ ಬಂದ ಮೇಲಿನ ಭಾನುವಾರ, ಐದೂ ಜನ ಹೋಗುತ್ತೇವೆ. ಪುಸ್ತಕದಲ್ಲಿ ಆ ಖರ್ಚು ಅತ್ತೆಯ ಅಕ್ಷರದಲ್ಲೇ ಇರುತ್ತದೆ, ಕಿರಾಣಿ ಸಾಮಾನಿನ ಕೆಳಗೆ, ಹಾಲಿನ ಮೇಲೆ. ಎರಡನೇ ದೋಸೆ ಬೇಕು ಅಂದವರು ತಮ್ಮ ಕೈಯಿಂದ ಕೊಡಬೇಕು ಅನ್ನುವುದು ಅವರ ನಿಯಮ. ಹೋದ ಸಲ ಎರಡನೆಯದು ತರಿಸಿಕೊಂಡದ್ದು ಅವರೊಬ್ಬರೇ, ಗೃಹಲಕ್ಷ್ಮಿ ದುಡ್ಡಲ್ಲಿ.